ಟೇಪಿನಿಂದ ಕಂಪ್ಯೂಟರಿಗೆ ವಿಡಿಯೊ: ತೊಂದರೆ ಎಲ್ಲಿದೆ ಎಂದು ಹುಡುಕುವ ಬಗೆ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಯಕ್ಷಗಾನ, ತಾಳಮದ್ದಳೆ ಇಲ್ಲದ ವರ್ಷವಿಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಮದುವೆ, ಉಪನಯನ, ಶಾಲೆಯ ವಾರ್ಷಿಕೋತ್ಸವಗಳಂತೂ ಇದ್ದೇ ಇವೆ. ಕೈಯಲ್ಲಿ ಹಿಡಿಯುವ ವಿಡಿಯೊ ಕ್ಯಾಮರಾ, ಅಂದರೆ ಕ್ಯಾಮ್‌ಕಾರ್ಡರ್, ಅಂಗಡಿಯವರ ಮತ್ತು ಆಸಕ್ತರ ಕೈಗೆ ಬಂದ ಮೇಲೆ ಇವೆಲ್ಲ ಸಣ್ಣ ಸಣ್ಣ ಟೇಪುಗಳಿಗೆ ಇಳಿದವು. ಮೊದಲು ವಿಎಚ್‌ಎಸ್ ಮತ್ತು ಹೈ-8, ಬಳಿಕ ಮಿನಿ ಡಿವಿ.

ಬಡಗುತಿಟ್ಟಿನ ಹಿರಿಯರಲ್ಲಿ ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ, ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ, ಹೊಸ್ತೋಟ ಮಂಜುನಾಥ ಭಾಗವತರು 2020ರಲ್ಲಿ ತೀರಿಕೊಂಡರು. ಅಂಥವರ ಒಂದು ಆಟವನ್ನು ಯಾರೋ ರಾತ್ರಿಯಿಡೀ ನಿಂತು ಚಿತ್ರೀಕರಿಸಿದ್ದರೆ, ಆ ಟೇಪೇ ಬಹುಶಃ ಜಗತ್ತಿನಲ್ಲಿರುವ ಏಕೈಕ ಪ್ರತಿ. ಅದನ್ನು ಓದಬಲ್ಲ ಯಂತ್ರಗಳೂ ವಿರಳವಾಗುತ್ತಿವೆ. ಮಿನಿ ಡಿವಿ ಕ್ಯಾಮರಾಗಳ ತಯಾರಿಕೆ ನಿಂತುಹೋಗಿದೆ. ವಿಎಚ್‌ಎಸ್ ವಿಸಿಆರ್‌ಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಅದನ್ನು ಕೈಬಿಟ್ಟಿತು.

ಟೇಪಿನಲ್ಲಿರುವುದನ್ನು ಕಂಪ್ಯೂಟರಿಗೆ ವರ್ಗಾಯಿಸುವುದಕ್ಕೆ 'ಕ್ಯಾಪ್ಚರ್' ಎನ್ನುತ್ತಾರೆ. ಈ ಕೆಲಸಕ್ಕೆ ಕೈಹಾಕಿದವರಿಗೆಲ್ಲ ಒಂದಲ್ಲ ಒಂದು ತೊಂದರೆ ಎದುರಾಗುತ್ತದೆ. ಕಂಪ್ಯೂಟರಿಗೆ ಕ್ಯಾಮರಾ ಕಾಣುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ನಿಂತುಬಿಡುತ್ತದೆ. ಚಿತ್ರದಲ್ಲಿ ಪಟ್ಟೆಗಳು ಬೀಳುತ್ತವೆ. ಧ್ವನಿ ಹಿಂದೆ ಬೀಳುತ್ತದೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಭೌತಿಕ ಕಾರಣವಿದೆ. ಸಾಮಾನ್ಯ ಗುಣಾಕಾರ ಭಾಗಾಕಾರದಿಂದಲೇ ಆ ಕಾರಣವನ್ನು ಹಿಡಿಯಬಹುದು. ಹೇಗೆಂದು ನೋಡೋಣ.

ಟೇಪಿನ ಮೇಲೆ ಏನಿದೆ?

ಡಿವಿ ಎಂಬ ಡಿಜಿಟಲ್ ವಿಡಿಯೊ ಪದ್ಧತಿ ಬಳಕೆಗೆ ಬಂದದ್ದು 1995ರಲ್ಲಿ. ಮಿನಿ ಡಿವಿ ಟೇಪಿನ ಅಗಲ 6.35 ಮಿಲಿಮೀಟರ್, ಅಂದರೆ ಕಾಲು ಅಂಗುಲ. ಟೇಪು ಸೆಕೆಂಡಿಗೆ ಸುಮಾರು 18.8 ಮಿಲಿಮೀಟರ್‌ನಷ್ಟು ನಿಧಾನವಾಗಿ ಚಲಿಸುತ್ತದೆ. ಇಷ್ಟು ನಿಧಾನವಾದ ಟೇಪಿನಲ್ಲಿ ವಿಡಿಯೊದಂಥ ಭಾರೀ ಮಾಹಿತಿ ಹಿಡಿಸುವುದು ಹೇಗೆ? ಟೇಪು ಸುತ್ತಿಕೊಳ್ಳುವ ಡ್ರಮ್ಮನ್ನೇ ತಿರುಗಿಸಿದರೆ ಸಾಧ್ಯ. ಓರೆಯಾಗಿ ಕೂಡಿಸಿದ ಈ ಡ್ರಮ್ಮಿನ ವ್ಯಾಸ 21.7 ಮಿಲಿಮೀಟರ್. ಅದು ನಿಮಿಷಕ್ಕೆ 9000 ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿ ಎದುರುಬದುರಾಗಿ ಎರಡು ಕಾಂತೀಯ ಹೆಡ್‌ಗಳಿವೆ. ಪ್ರತಿ ಹೆಡ್ಡೂ ಟೇಪಿನ ಮೇಲೆ ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಓರೆಯಾದ ಗೆರೆಗಳನ್ನು ಎಳೆಯುತ್ತ ಹೋಗುತ್ತದೆ. ಈ ಗೆರೆಗೆ ಟ್ರ್ಯಾಕ್ ಎನ್ನುತ್ತಾರೆ. ಅದರ ಅಗಲ ಕೇವಲ 10 ಮೈಕ್ರೋಮೀಟರ್; ನಮ್ಮ ತಲೆಗೂದಲಿಗಿಂತ ಎಷ್ಟೋ ಪಟ್ಟು ಕಿರಿದು.

ಈಗ ಲೆಕ್ಕ ಮಾಡಿ. ಸೆಕೆಂಡಿಗೆ 150 ಸುತ್ತು, ಸುತ್ತಿಗೆ 2 ಟ್ರ್ಯಾಕ್. ಒಟ್ಟು 300 ಟ್ರ್ಯಾಕ್. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು, ಅಂದರೆ 25 ಫ್ರೇಮ್‌ಗಳು. ಆದ್ದರಿಂದ ಒಂದು ಫ್ರೇಮಿಗೆ 12 ಟ್ರ್ಯಾಕ್. ಈ 12 ಎಂಬ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂದು ಫ್ರೇಮಿನಲ್ಲಿ 720 × 576 ಬಿಂದುಗಳಿವೆ. ಬಿಂದುವಿಗೆ ಸರಾಸರಿ 12 ಬಿಟ್ ಎಂದರೆ ಸೆಕೆಂಡಿಗೆ ಸುಮಾರು 124 ಮೆಗಾಬಿಟ್. ಕ್ಯಾಮರಾ ಇದನ್ನು ಐದನೆಯ ಒಂದಕ್ಕೆ ಕುಗ್ಗಿಸುತ್ತದೆ. ಧ್ವನಿ ಮತ್ತು ಇತರ ವಿವರಗಳನ್ನೂ ಸೇರಿಸಿದ ಮೇಲೆ ಒಂದು ಫ್ರೇಮಿಗೆ 1,44,000 ಬೈಟ್, ಸೆಕೆಂಡಿಗೆ 36 ಲಕ್ಷ ಬೈಟ್ ಅಥವಾ 28.8 ಮೆಗಾಬಿಟ್, ಗಂಟೆಗೆ ಸುಮಾರು 13 ಗಿಗಾಬೈಟ್. ಡಿವಿ ವರ್ಗಾವಣೆಯ ಬಹುಪಾಲು ತೊಂದರೆಗಳ ಗುಟ್ಟು ಈ ನಾಲ್ಕು ಸಂಖ್ಯೆಗಳಲ್ಲಿದೆ.

ಪರೀಕ್ಷೆ ಕೊನೆಯಿಂದ ಮೊದಲಿಗೆ

ಮಾಹಿತಿ ಟೇಪಿನಿಂದ ಹೊರಟು ಹೆಡ್, ಕೇಬಲ್, ಕಂಪ್ಯೂಟರಿನ ಪೋರ್ಟ್, ತಂತ್ರಾಂಶಗಳನ್ನು ದಾಟಿ ಹಾರ್ಡ್ ಡಿಸ್ಕ್ ಸೇರುತ್ತದೆ. ಈ ಸರಪಳಿಯ ಯಾವ ಕೊಂಡಿ ಸಡಿಲವಾಗಿದ್ದರೂ ಕೆಲಸ ಕೆಡುತ್ತದೆ. ಸಾಮಾನ್ಯವಾಗಿ ನಾವು ಅಮೂಲ್ಯವಾದ ಟೇಪನ್ನೇ ಮೊದಲು ಹಾಕಿ, ಕೆಲಸವಾಗದಿದ್ದಾಗ ಹಿಂದೆ ಮುಂದೆ ಓಡಿಸುತ್ತ ಕಾರಣ ಹುಡುಕುತ್ತೇವೆ. ಹಳೆಯ ಟೇಪಿಗೆ ಪ್ರತಿ ಓಟವೂ ಸವೆತ. ಆದ್ದರಿಂದ ಕ್ರಮವನ್ನು ತಿರುವುಮುರುವು ಮಾಡಿ. ಡಿಸ್ಕಿನ ಕಡೆಯಿಂದ ಪರೀಕ್ಷಿಸುತ್ತ ಬನ್ನಿ. ಬೆಲೆಯುಳ್ಳ ಟೇಪು ಎಲ್ಲಕ್ಕಿಂತ ಕೊನೆಗೆ.

ಇದಕ್ಕೆ ಮೂರು ಹಂತಗಳು.

1. ಕ್ಯಾಮರಾಕ್ಕೆ ಟೇಪು ಹಾಕದೆ ಅದನ್ನು ಚಿತ್ರೀಕರಣದ ಸ್ಥಿತಿಯಲ್ಲಿಡಿ. ಸೆಕೆಂಡು ಮುಳ್ಳಿರುವ, ಟಿಕ್ ಟಿಕ್ ಎನ್ನುವ ಗೋಡೆ ಗಡಿಯಾರಕ್ಕೆ ಗುರಿಮಾಡಿ, ಕೇಬಲ್ ಮೂಲಕ ನೇರವಾಗಿ ಕಂಪ್ಯೂಟರಿನಲ್ಲಿ 30 ನಿಮಿಷ ದಾಖಲಿಸಿ. 30 × 60 × 25, ಅಂದರೆ 45,000 ಫ್ರೇಮ್ ಸಿಗಬೇಕು. ಕಡತದ ಗಾತ್ರ ಸುಮಾರು 6.5 ಗಿಗಾಬೈಟ್ ಆಗಬೇಕು.

2. ಅದೇ ಕ್ಯಾಮರಾದಲ್ಲಿ ಬೆಲೆಯಿಲ್ಲದ ಒಂದು ಟೇಪಿನ ಮೇಲೆ ಗಡಿಯಾರವನ್ನು ಚಿತ್ರೀಕರಿಸಿ, ಆ ಟೇಪನ್ನು ಓಡಿಸಿ ವರ್ಗಾಯಿಸಿ.

3. ಇವೆರಡೂ ಸರಿಯಾದ ಮೇಲೆ ಹಳೆಯ ಟೇಪನ್ನು ಹಾಕಿ.

ಮೊದಲ ಹಂತದಲ್ಲೇ ತೊಂದರೆ ಕಂಡರೆ ಅದು ಕೇಬಲ್ ಅಥವಾ ಕಂಪ್ಯೂಟರಿನದು. ಮೊದಲನೆಯದು ಸರಿಯಿದ್ದು ಎರಡನೆಯದು ಕೆಟ್ಟರೆ ಹೆಡ್ ಅಥವಾ ಟೇಪು ಓಡಿಸುವ ಭಾಗದ್ದು. ಮೂರನೆಯದು ಮಾತ್ರ ಕೆಟ್ಟರೆ ದೋಷ ಆ ಟೇಪಿನಲ್ಲೇ ಇದೆ, ಇಲ್ಲವೆ ಅದನ್ನು ಚಿತ್ರೀಕರಿಸಿದ ಕ್ಯಾಮರಾಕ್ಕೂ ಈಗಿನದಕ್ಕೂ ಹೊಂದಾಣಿಕೆಯಿಲ್ಲ.

ಕ್ಯಾಮರಾ ಕಾಣಿಸುತ್ತಿಲ್ಲ

ಡಿವಿ ಕ್ಯಾಮರಾಗಳಲ್ಲಿ ಹಲವಕ್ಕೆ ಯುಎಸ್‌ಬಿ ಕಿಂಡಿಯೂ ಇದೆ. ಅದಕ್ಕೆ ಕೇಬಲ್ ಜೋಡಿಸಿ ವಿಡಿಯೊ ಬರುತ್ತಿಲ್ಲ, ಇಲ್ಲವೆ ತೀರ ಮಸುಕಾಗಿದೆ ಎಂದು ದೂರುವವರು ಬಹಳ. ಹಳೆಯ ಯುಎಸ್‌ಬಿ 1.1ರ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್. ನಮಗೆ ಬೇಕಾದದ್ದು 28.8. ಬಿಂದಿಗೆಯ ಬಾಯಿಗಿಂತ ಧಾರೆ ದಪ್ಪವಾದಂತೆ. ಇಂಥ ಕ್ಯಾಮರಾಗಳಲ್ಲಿ ಯುಎಸ್‌ಬಿ ಇರುವುದು ಸ್ಥಿರಚಿತ್ರಗಳಿಗೆ ಅಥವಾ ಸಣ್ಣ ಗಾತ್ರದ ಚಿತ್ರಕ್ಕೆ. ಪೂರ್ಣ ವಿಡಿಯೊ ಬರುವುದು ಡಿವಿ ಅಥವಾ ಐ-ಲಿಂಕ್ ಎಂದು ಬರೆದಿರುವ ಕಿಂಡಿಯಿಂದ. ಇದೇ ಫೈರ್‌ವೈರ್. ಇದರ ವೇಗ ಸೆಕೆಂಡಿಗೆ 400 ಮೆಗಾಬಿಟ್‌ವರೆಗೆ ಇದೆ.

ಕ್ಯಾಮರಾದ ತುದಿಯಲ್ಲಿ ಸಾಮಾನ್ಯವಾಗಿ 4 ಪಿನ್, ಕಂಪ್ಯೂಟರಿನ ತುದಿಯಲ್ಲಿ 6 ಪಿನ್ ಇರುತ್ತವೆ. ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿ ಫೈರ್‌ವೈರ್ ಇರುವ ಅಗ್ಗದ ಕೇಬಲ್‌ಗಳು ಮಾರಾಟಕ್ಕಿವೆ. ಅವುಗಳಿಂದ ಈ ಕೆಲಸ ಆಗದು. ಎರಡೂ ಪದ್ಧತಿಗಳ ಭಾಷೆಯೇ ಬೇರೆ. ತಂತಿ ಸೇರಿಸಿದ ಮಾತ್ರಕ್ಕೆ ಅನುವಾದವಾಗುವುದಿಲ್ಲ. ಇನ್ನೊಂದು ಎಚ್ಚರಿಕೆ: 6 ಪಿನ್‌ನಲ್ಲಿ ವಿದ್ಯುತ್ ಪೂರೈಕೆಯೂ ಇದೆ. ಅದನ್ನು ತಿರುಗುಮುರುಗಾಗಿ ಒತ್ತಿದರೆ ಕಿಂಡಿ ಸುಟ್ಟುಹೋಗಬಹುದು. ಎರಡೂ ಯಂತ್ರಗಳನ್ನು ಆರಿಸಿ ಕೇಬಲ್ ಜೋಡಿಸುವುದು ಕ್ಷೇಮ.

ಜೋಡಣೆ ಸರಿಯಿದ್ದೂ ಕಾಣದಿದ್ದರೆ ಕ್ಯಾಮರಾವನ್ನು ವಿಸಿಆರ್ ಅಥವಾ ಪ್ಲೇ ಸ್ಥಿತಿಗೆ ತಿರುಗಿಸಿದ್ದೀರಾ ನೋಡಿ. ಬ್ಯಾಟರಿಯ ಬದಲು ಅಡಾಪ್ಟರ್ ಬಳಸಿ. ವಿಂಡೋಸ್ 8 ಮತ್ತು 10ರಲ್ಲಿ '1394 ಲೆಗಸಿ' ಎಂಬ ಹಳೆಯ ಡ್ರೈವರನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಗಬಹುದು. ಆಪಲ್ ಕಂಪನಿ 2025ರ ಮ್ಯಾಕ್‌ಒಎಸ್ 26ರಲ್ಲಿ ಫೈರ್‌ವೈರ್ ಬೆಂಬಲವನ್ನೇ ತೆಗೆದಿದೆ. ಆದ್ದರಿಂದ ನಿಮ್ಮ ಶಾಲೆ ಕಾಲೇಜಿನ ಮೂಲೆಯಲ್ಲಿರುವ 2005ರ ಆಸುಪಾಸಿನ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಹಿಂಬದಿಯನ್ನು ಒಮ್ಮೆ ನೋಡಿ. ಅಲ್ಲಿ ಫೈರ್‌ವೈರ್ ಕಿಂಡಿ ಇದ್ದರೆ ಹೊಸ ಲ್ಯಾಪ್‌ಟಾಪ್ ಮಾಡಲಾಗದ ಕೆಲಸವನ್ನು ಅದು ಮಾಡಬಲ್ಲದು. ಲಿನಕ್ಸ್‌ನಲ್ಲಿ ಡಿವಿಗ್ರಾಬ್, ವಿಂಡೋಸ್‌ನಲ್ಲಿ ವಿನ್‌ಡಿವಿ ಎಂಬ ಉಚಿತ ತಂತ್ರಾಂಶಗಳು ಇದಕ್ಕೆ ಸಾಕು.

ಇಪ್ಪತ್ತು ನಿಮಿಷದ ಒಗಟು

ಆಟ ಚೆನ್ನಾಗಿ ವರ್ಗಾವಣೆಯಾಗುತ್ತಿರುತ್ತದೆ. ಸರಿಯಾಗಿ ಇಪ್ಪತ್ತನೆಯ ನಿಮಿಷಕ್ಕೆ ನಿಲ್ಲುತ್ತದೆ. ಮತ್ತೆ ಮಾಡಿದರೂ ಅದೇ. ಟೇಪು ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ಭಾಗಾಕಾರ ಮಾಡಿ. ಫ್ಯಾಟ್-32 ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿ ಒಂದು ಕಡತದ ಗಾತ್ರ 4 ಗಿಗಾಬೈಟ್ ಮುಟ್ಟುವಂತಿಲ್ಲ. ಏಕೆಂದರೆ ಗಾತ್ರವನ್ನು ಬರೆದಿಡಲು ಅಲ್ಲಿರುವುದು 32 ಬಿಟ್ ಮಾತ್ರ. 2ರ 32ನೆಯ ಘಾತವೆಂದರೆ 4,29,49,67,296. ಇದನ್ನು 36,00,000ದಿಂದ ಭಾಗಿಸಿದರೆ 1193 ಸೆಕೆಂಡು, ಅಂದರೆ 19 ನಿಮಿಷ 53 ಸೆಕೆಂಡು. ಹತ್ತು ನಿಮಿಷದ ಹತ್ತಿರ ನಿಂತರೆ ತಂತ್ರಾಂಶದ 2 ಗಿಗಾಬೈಟ್ ಮಿತಿ ಕಾರಣವಿರಬಹುದು. ಲೆಕ್ಕ ಅದರ ಅರ್ಧ. ಡಿಸ್ಕನ್ನು ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ರೀತಿಗೆ ಬದಲಿಸಿ, ಇಲ್ಲವೆ ಕಡತವನ್ನು ತುಂಡುತುಂಡಾಗಿ ಉಳಿಸುವಂತೆ ತಂತ್ರಾಂಶಕ್ಕೆ ಹೇಳಿ. ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

ನಿಲ್ಲುವ ಹೊತ್ತು ಪ್ರತಿ ಸಲವೂ ಬೇರೆಯಾಗಿದ್ದರೆ ಕಾರಣ ಬೇರೆ. ಟೇಪಿನ ಅದೇ ಜಾಗದಲ್ಲಿ ನಿಂತರೆ ಅಲ್ಲಿ ಖಾಲಿ ಜಾಗವಿದ್ದು, ಕಾಲದ ಎಣಿಕೆ ಸೊನ್ನೆಗೆ ಮರಳಿರಬಹುದು. ಚಿತ್ರೀಕರಣದ ನಡುವೆ ಟೇಪು ತೆಗೆದು ಮತ್ತೆ ಹಾಕಿದ್ದರೆ ಹೀಗಾಗುತ್ತದೆ. ಆ ಜಾಗವನ್ನು ದಾಟಿಸಿ ಹೊಸ ಕಡತವಾಗಿ ಮುಂದುವರಿಸಿ.

ಕಳೆದುಹೋಗುವ ಫ್ರೇಮ್‌ಗಳು

ಅಂತರಜಾಲದಲ್ಲಿ ಒಂದು ತುಣುಕು ಕಳೆದುಹೋದರೆ ಕಂಪ್ಯೂಟರು ಅದನ್ನು ಮತ್ತೆ ಕೇಳಿ ಪಡೆಯುತ್ತದೆ. ಡಿವಿ ವರ್ಗಾವಣೆ ಹಾಗಲ್ಲ. ಫೈರ್‌ವೈರ್ ಕೇಬಲ್‌ನಲ್ಲಿ ಸೆಕೆಂಡಿಗೆ 8000 ಬಾರಿ ಒಂದೊಂದು ಕಂತು ಹೊರಡುತ್ತದೆ. ಟೇಪು ಓಡುತ್ತಲೇ ಇರುತ್ತದೆ. ಹಿಡಿದುಕೊಂಡರೆ ಸಿಕ್ಕಿತು, ಇಲ್ಲದಿದ್ದರೆ ಹೋಯಿತು. ಡಿಸ್ಕು ಕ್ಷಣಕಾಲ ಬೇರೆ ಕೆಲಸದಲ್ಲಿದ್ದು ತಾತ್ಕಾಲಿಕ ಸಂಗ್ರಹವೂ ತುಂಬಿದರೆ ಫ್ರೇಮ್‌ಗಳು ಬಿದ್ದುಹೋಗುತ್ತವೆ. ಸೆಕೆಂಡಿಗೆ 36 ಲಕ್ಷ ಬೈಟ್ ಇಂದಿನ ಡಿಸ್ಕಿಗೆ ದೊಡ್ಡ ಹೊರೆಯಲ್ಲ. ಆದರೆ ವೈರಸ್ ತಪಾಸಣೆ, ತಾನಾಗಿ ನಡೆಯುವ ಅಪ್‌ಡೇಟ್, ವಿದ್ಯುತ್ ಉಳಿಸಲು ಡಿಸ್ಕನ್ನು ಮಲಗಿಸುವ ವ್ಯವಸ್ಥೆ ಇವು ನಡುವೆ ಬಾಯಿ ಹಾಕುತ್ತವೆ. ಅವನ್ನೆಲ್ಲ ನಿಲ್ಲಿಸಿ, ಅಂತರಜಾಲ ಸಂಪರ್ಕ ತೆಗೆದು ಕೆಲಸ ಮಾಡಿ. ಪೆನ್‌ಡ್ರೈವ್‌ಗೆ ನೇರವಾಗಿ ದಾಖಲಿಸಬೇಡಿ. ಮಲೆನಾಡಿನಲ್ಲಿ ಮಳೆಗಾಳಿಗೆ ಕರೆಂಟು ಹೋಗುವುದು ಹೊಸದಲ್ಲ. ಯುಪಿಎಸ್ ಇಲ್ಲದೆ ಆರಂಭಿಸಬೇಡಿ.

ಧ್ವನಿ ಹೇಳುವ ಸುಳಿವು

ಯಕ್ಷಗಾನದಲ್ಲಿ ಚೆಂಡೆಯ ಪೆಟ್ಟಿಗೂ ವೇಷಧಾರಿಯ ಹೆಜ್ಜೆಗೂ ಇರುವ ಹೊಂದಾಣಿಕೆ ಒಳ್ಳೆಯ ಅಳತೆಗೋಲು. ಆರಂಭದಲ್ಲಿ ಎರಡೂ ಸೇರುತ್ತಿದ್ದು ಒಂದು ಕ್ಷಣದಿಂದಾಚೆಗೆ ತಟ್ಟನೆ ತಪ್ಪಿದರೆ ಅಲ್ಲಿ ಫ್ರೇಮ್‌ಗಳು ಬಿದ್ದಿವೆ. ಹೊತ್ತು ಹೋದಂತೆ ಸ್ವಲ್ಪ ಸ್ವಲ್ಪವೇ ತಪ್ಪುತ್ತ ಹೋದರೆ ಎರಡು ಗಡಿಯಾರಗಳ ಜಗಳ. ವಿಎಚ್‌ಎಸ್‌ನಂಥ ಟೇಪಿನಲ್ಲಿ ಚಿತ್ರದ ವೇಗವನ್ನು ಟೇಪಿನ ಓಟ ನಿರ್ಧರಿಸುತ್ತದೆ. ಧ್ವನಿಯ ಮಾದರಿಗಳನ್ನು ಕಂಪ್ಯೂಟರಿನ ಸ್ಫಟಿಕ ಎಣಿಸುತ್ತದೆ. ಇವುಗಳ ನಡುವೆ ಹತ್ತು ಸಾವಿರಕ್ಕೆ ಒಂದರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 0.36 ಸೆಕೆಂಡು, ಅಂದರೆ 9 ಫ್ರೇಮ್. ಚಿತ್ರ ಮತ್ತು ಧ್ವನಿ ಎರಡನ್ನೂ ಒಂದೇ ಸಾಧನದ ಮೂಲಕ ತೆಗೆದುಕೊಂಡರೆ ಇದು ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಡಿವಿ ಟೇಪಿನಲ್ಲಿ ಧ್ವನಿಯನ್ನು ಸೆಕೆಂಡಿಗೆ 48,000 ಅಥವಾ 32,000 ಮಾದರಿಗಳಾಗಿ ದಾಖಲಿಸಬಹುದು. 32,000ದ ಧ್ವನಿಯನ್ನು ತಂತ್ರಾಂಶ 48,000ದ್ದೆಂದು ಭಾವಿಸಿ ನುಡಿಸಿದರೆ ಆವೃತ್ತಿ ಒಂದೂವರೆ ಪಟ್ಟು ಏರುತ್ತದೆ. ಸಂಗೀತ ಬಲ್ಲವರಿಗೆ ಇದು ತಕ್ಷಣ ತಿಳಿಯುತ್ತದೆ: ಭಾಗವತರ ಷಡ್ಜ ಪಂಚಮವಾಗಿ ಕೇಳುತ್ತದೆ. ಟೇಪು ಕೆಟ್ಟಿಲ್ಲ, ತಂತ್ರಾಂಶದಲ್ಲಿ ಸಂಖ್ಯೆ ಬದಲಿಸಿದರೆ ಸಾಕು.

ಪಟ್ಟೆ ಮತ್ತು ಚೌಕಗಳು

ಈಗ ಆ 12ಕ್ಕೆ ಬರೋಣ. ಡಿವಿ ಪದ್ಧತಿಯಲ್ಲಿ 576 ಗೆರೆಗಳ ಚಿತ್ರವನ್ನು ತಲಾ 48 ಗೆರೆಗಳ 12 ಅಡ್ಡಪಟ್ಟೆಗಳಾಗಿ ಎಣಿಸುತ್ತಾರೆ. ಮಾಹಿತಿಯನ್ನು ಹಂಚುವಾಗ ಬೆಸ ಪಟ್ಟೆಗಳೆಲ್ಲ ಒಂದು ಹೆಡ್ಡಿನ ಟ್ರ್ಯಾಕ್‌ಗಳಿಗೂ ಸಮ ಪಟ್ಟೆಗಳೆಲ್ಲ ಇನ್ನೊಂದರದಕ್ಕೂ ಹೋಗುತ್ತವೆ. ಆದ್ದರಿಂದ ಒಂದು ಹೆಡ್ಡಿಗೆ ಕೊಳೆ ಕೂತರೆ ಚಿತ್ರದಲ್ಲಿ ಒಂದು ಬಿಟ್ಟು ಒಂದು ಪಟ್ಟೆ ಹೆಪ್ಪುಗಟ್ಟಿ ನಿಲ್ಲುತ್ತದೆ. ಕಾಣದ ಜಾಗಕ್ಕೆ ಕ್ಯಾಮರಾ ಹಿಂದಿನ ಫ್ರೇಮಿನ ತುಂಡನ್ನೇ ತೇಪೆ ಹಾಕಿರುತ್ತದೆ. ಇಂಥ ಕ್ರಮಬದ್ಧ ಪಟ್ಟೆ ಕಂಡರೆ ಒಂದು ಹೆಡ್ ಕೆಲಸ ಮಾಡುತ್ತಿಲ್ಲ ಎಂದೇ ತಿಳಿಯಿರಿ. ಒಣ ಕ್ಲೀನಿಂಗ್ ಕ್ಯಾಸೆಟ್ಟನ್ನು ತಯಾರಕರು ಹೇಳಿದಷ್ಟೇ ಸೆಕೆಂಡು ಓಡಿಸಿ. ಹತ್ತಿಯ ಕಡ್ಡಿಯಿಂದ ಹೆಡ್ಡನ್ನು ಮೇಲೆ ಕೆಳಗೆ ಉಜ್ಜಬೇಡಿ, ಮುರಿಯುತ್ತದೆ.

ಚೌಕಗಳು ಅಲ್ಲೊಂದು ಇಲ್ಲೊಂದು ಚದುರಿ ಕಂಡರೆ ಟೇಪಿನ ಆ ಜಾಗದಲ್ಲಿ ಕಾಂತೀಯ ಲೇಪನ ಹೋಗಿರಬಹುದು. ಒಂದು ಟೇಪಿನಲ್ಲಿ ಮಾತ್ರ ಉದ್ದಕ್ಕೂ ಹೀಗಿದ್ದರೆ ಅದನ್ನು ಎಲ್‌ಪಿ ಕ್ರಮದಲ್ಲಿ ಚಿತ್ರೀಕರಿಸಿದ್ದಾರೆಯೇ ವಿಚಾರಿಸಿ. 60 ನಿಮಿಷದ ಟೇಪಿನಲ್ಲಿ 90 ನಿಮಿಷ ಹಿಡಿಸುವ ಆ ಕ್ರಮದಲ್ಲಿ ಟ್ರ್ಯಾಕ್‌ನ ಅಗಲ 6.67 ಮೈಕ್ರೋಮೀಟರ್‌ಗೆ ಇಳಿಯುತ್ತದೆ. ಇನ್ನೊಂದು ಕ್ಯಾಮರಾದ ಹೆಡ್ ಅದರ ಮೇಲೆ ಸರಿಯಾಗಿ ಕೂರದಿರಬಹುದು. ಚಿತ್ರೀಕರಿಸಿದ ಕ್ಯಾಮರಾವೇ ಸಿಕ್ಕಿದರೆ ಅದರಲ್ಲೇ ಪ್ರಯತ್ನಿಸಿ.

ವಿಎಚ್‌ಎಸ್ ಮತ್ತು ಹೈ-8

ಇವು ಅನಲಾಗ್ ಟೇಪುಗಳು. ಇವುಗಳ ಸಂಜ್ಞೆಯನ್ನು ಡಿಜಿಟಲ್ ಮಾಡುವ ಸಣ್ಣ ಯುಎಸ್‌ಬಿ ಸಾಧನ ಬೇಕು. ಚಿತ್ರ ಕಪ್ಪುಬಿಳುಪಾಗಿ ಬಂದರೆ ಅಥವಾ ಮೇಲೆ ಕೆಳಗೆ ಉರುಳಿದರೆ ತಂತ್ರಾಂಶದಲ್ಲಿ ಎನ್‌ಟಿಎಸ್‌ಸಿ ಎಂದಿದೆಯೇ ನೋಡಿ, ಪಾಲ್‌ಗೆ ಬದಲಿಸಿ. ಚಿತ್ರದ ಅಂಚು ಬಾವುಟದಂತೆ ಬಳುಕಿದರೆ ಕಾರಣ ಟೇಪಿನ ಎಳೆತ. ಪಾಲ್ ಪದ್ಧತಿಯಲ್ಲಿ ಒಂದು ಗೆರೆಯ ಕಾಲ 64 ಮೈಕ್ರೋಸೆಕೆಂಡು. ಡಿಜಿಟಲ್ ಮಾಡುವಾಗ ಮೈಕ್ರೋಸೆಕೆಂಡಿಗೆ 13.5 ಬಿಂದುಗಳನ್ನು ಅಳೆಯುತ್ತಾರೆ. ಗೆರೆ ಒಂದು ಮೈಕ್ರೋಸೆಕೆಂಡು ತಡವಾಗಿ ಶುರುವಾದರೂ 13 ಬಿಂದು ಪಕ್ಕಕ್ಕೆ ಸರಿಯಿತು. ಇದನ್ನು ಸರಿಪಡಿಸುವುದು ಟೈಮ್ ಬೇಸ್ ಕರೆಕ್ಟರ್. ಹೈ-8 ಟೇಪುಗಳನ್ನು ಓದಬಲ್ಲ ಕೆಲವು ಡಿಜಿಟಲ್-8 ಕ್ಯಾಮರಾಗಳು ಸಿಕ್ಕಿದರೆ ಫೈರ್‌ವೈರ್ ಮೂಲಕವೇ ವರ್ಗಾಯಿಸಬಹುದು. ಧ್ವನಿಯಲ್ಲಿ ಗುಂಯ್ ಎಂಬ ಸದ್ದಿದ್ದರೆ ಅದು ಮುಖ್ಯಲೈನಿನ 50 ಹರ್ಟ್ಸ್. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಅರ್ಥಿಂಗ್‌ನಲ್ಲಿ ಸುತ್ತು ಉಂಟಾಗಿತ್ತು ಎಂದರ್ಥ.

ದೋಷವಲ್ಲದ ಒಂದು 'ದೋಷ'ವೂ ಇದೆ. ಕಂಪ್ಯೂಟರಿನ ಪರದೆಯಲ್ಲಿ ಚಲಿಸುವ ಕೈಕಾಲುಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಒಂದು ಫ್ರೇಮಿನ ಬೆಸ ಗೆರೆಗಳಿಗೂ ಸಮ ಗೆರೆಗಳಿಗೂ ಸೆಕೆಂಡಿನ 50ರಲ್ಲೊಂದು ಭಾಗದ ಅಂತರವಿದೆ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬೀಸುವ ಕೈ ಅಷ್ಟರಲ್ಲಿ 4 ಸೆಂಟಿಮೀಟರ್ ಸರಿದಿರುತ್ತದೆ. ಈ ಗುಣ ಮೂಲದ್ದೇ. ಮೂಲ ಕಡತವನ್ನು ಹಾಗೆಯೇ ಇಟ್ಟು, ನೋಡುವ ಪ್ರತಿಯಲ್ಲಿ ಮಾತ್ರ ಸರಿಪಡಿಸಿ.

ಮಳೆ ಮತ್ತು ಬೂಷ್ಟು

ಇಲ್ಲಿಯವರೆಗಿನ ತೊಂದರೆಗಳು ಎಲ್ಲ ಊರಿನವು. ಘಟ್ಟದ ಈ ಮೂರು ತಾಲ್ಲೂಕುಗಳ ದೊಡ್ಡ ಶತ್ರು ಆರ್ದ್ರತೆ. ಮಳೆಗಾಲದಲ್ಲಿ ಬಟ್ಟೆಗೆ, ಚಪ್ಪಲಿಗೆ, ಸರಿಯಾಗಿ ಒಣಗದ ಅಡಿಕೆಗೆ ಬೂಷ್ಟು ಬರುವುದನ್ನು ನೀವು ನೋಡಿದ್ದೀರಿ. ಅದೇ ಶಿಲೀಂಧ್ರ ಟೇಪಿಗೂ ಬರುತ್ತದೆ. ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದಾಗ ಸುರುಳಿಯ ಮೇಲೆ ಬಿಳಿಯ ಪುಡಿ ಅಥವಾ ಜೇಡರ ಬಲೆಯಂಥ ಎಳೆ ಕಂಡರೆ ಓಡಿಸಲೇಬೇಡಿ. ಟೇಪು ಅಂಟಿಕೊಂಡು ಹರಿಯಬಹುದು. ಹೆಡ್ಡಿಗೆ ಮೆತ್ತಿದ ಬೂಷ್ಟು ಮುಂದೆ ಹಾಕುವ ಒಳ್ಳೆಯ ಟೇಪುಗಳಿಗೂ ಹರಡಬಹುದು. ಅದನ್ನು ಬೇರೆಯಾಗಿ ಚೀಲದಲ್ಲಿಟ್ಟು, ಟೇಪು ಶುದ್ಧಿ ಬಲ್ಲವರಿಗೆ ಕೊಡಿ.

ತಣ್ಣಗಿನ ಕ್ಯಾಮರಾವನ್ನು ಬೆಚ್ಚಗಿನ ತೇವದ ಗಾಳಿಗೆ ತಂದರೆ ಡ್ರಮ್ಮಿನ ಮೇಲೆ ಇಬ್ಬನಿ ಕೂರುತ್ತದೆ, ಟೇಪು ಅಂಟುತ್ತದೆ. ಪರದೆಯಲ್ಲಿ ನೀರಿನ ಹನಿಯ ಚಿಹ್ನೆ ಕಂಡರೆ ಒತ್ತಾಯ ಮಾಡಬೇಡಿ; ಟೇಪು ತೆಗೆದು, ಕ್ಯಾಸೆಟ್ಟಿನ ಬಾಗಿಲು ತೆರೆದು ಒಂದು ಗಂಟೆ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೇಪುಗಳನ್ನು ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿಡಿ. ವರ್ಗಾವಣೆಗೆ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳು ಒಳ್ಳೆಯವು.

ವರ್ಗಾಯಿಸಿದ ಮೇಲೆ

ಚಿತ್ರ ಕಂಪ್ಯೂಟರಿಗೆ ಬಂದ ಕೂಡಲೇ ಅದನ್ನು ಮೊಬೈಲಿಗೆ ಹೊಂದುವಂತೆ ಕುಗ್ಗಿಸಿ ಮೂಲವನ್ನು ಅಳಿಸುವವರಿದ್ದಾರೆ. ಕುಗ್ಗಿಸಿದ್ದರಿಂದ ಮೂಲ ಮರಳಿ ಬಾರದು. ಒಂದು ಟೆರಾಬೈಟ್ ಡಿಸ್ಕಿನಲ್ಲಿ 77 ಗಂಟೆಗಳ ಡಿವಿ ಹಿಡಿಸುತ್ತದೆ. ಮೂಲ ಡಿವಿ ಕಡತವನ್ನು ಎರಡು ಡಿಸ್ಕುಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡಿ. ಕಡತದ ಹೆಸರಿನಲ್ಲೇ ಪ್ರಸಂಗ, ಸ್ಥಳ, ದಿನಾಂಕ ಬರಲಿ. ಮುಮ್ಮೇಳ ಹಿಮ್ಮೇಳದವರ ಹೆಸರುಗಳನ್ನು, ನೆನಪಿರುವ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಯಾರೆಂದು ಗೊತ್ತಿಲ್ಲದ ಚಿತ್ರಕ್ಕೆ ಅರ್ಧ ಬೆಲೆ. ಟೇಪನ್ನು ಮಾತ್ರ ಎಸೆಯಬೇಡಿ.

ಅಧ್ಯಾಪಕರು ಇದನ್ನು ವಿಜ್ಞಾನ ಸಂಘದ ಚಟುವಟಿಕೆಯಾಗಿ ತೆಗೆದುಕೊಳ್ಳಬಹುದು. ಗಡಿಯಾರದ ಪ್ರಯೋಗವನ್ನು ವಿದ್ಯಾರ್ಥಿಗಳಿಂದ ಮಾಡಿಸಿ, ಫ್ರೇಮ್‌ಗಳನ್ನು ಎಣಿಸಲು ಹೇಳಿ. 45,000ಕ್ಕೆ 44,750 ಬಂದರೆ ಎಷ್ಟು ಸೆಕೆಂಡು ಕಳೆದುಹೋಯಿತು? ಫ್ಯಾಟ್-32 ಡಿಸ್ಕಿನಲ್ಲಿ ಒಂದು ಗಂಟೆಯ ಟೇಪು ಎಷ್ಟು ತುಂಡಾಗುತ್ತದೆ? ಈ ಲೆಕ್ಕ ಬಂದ ಮೇಲೆ ಊರಿನ ಮನೆಗಳಲ್ಲಿರುವ ಟೇಪುಗಳ ಪಟ್ಟಿ ಮಾಡಲಿ: ಯಾವ ಜಾತಿಯದು, ಯಾವ ವರ್ಷದ್ದು, ಬೂಷ್ಟು ಇದೆಯೇ, ಓದುವ ಕ್ಯಾಮರಾ ಯಾರಲ್ಲಿದೆ. ಬೂಷ್ಟು ಹಿಡಿದವನ್ನು ಬೇರೆಯಾಗಿಡಿ. ಉಳಿದವುಗಳಲ್ಲಿ ಅತ್ಯಂತ ಹಳೆಯದನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ವರ್ಗಾಯಿಸಿಕೊಳ್ಳಿ.